ಪಂಚ

ರಾತ್ರಿ ಎರಡಕ್ಕೆ ಶಟರ್ ಬಡಿದರು.
ಜೆರಾಕ್ಸ್ ಅಂಗಡಿಯ ಅಟ್ಟದಲ್ಲಿ ಮಲಗಿದ್ದೆ.
"ಪಂಚರು ಒಬ್ಬರು ಬೇಕು, ಕಾಕಾ,
ಎದುರಿನ ವಿದ್ಯುತ್ ಕಚೇರಿಗೆ ಬನ್ನಿ.
ಕಂಡದ್ದು ಕಂಡೆ ಅಂತ ಒಂದು ಸಹಿ."

ಹಿಂದೆ ಎರಡು ಸಲ ಪಂಚನಾಗಿದ್ದೇನೆ:
ಸರಾಫನ ಒಡೆದ ತಿಜೋರಿಗೊಮ್ಮೆ,
ನಾನಾ ಪೇಠೆಯ ಮೆಟ್ಟಿಲ ಕೆಳಗೆ ಸಿಕ್ಕ ಕೊಯ್ತಾಕ್ಕೊಮ್ಮೆ.
ಆಗ ರಕ್ತದ ಸುತ್ತ ಸೀಮೆಸುಣ್ಣದ ಗೆರೆಯಿತ್ತು,
ನೊಣಗಳಿದ್ದವು,
ಬೆರಳು ಮಾಡಿ ತೋರಿಸಲು ಏನಾದರೂ ಇತ್ತು.

ಇಲ್ಲಿ ಜನರೇಟರಿನ ಗುರುಗುಡು, ತಣ್ಣನೆ ಕೋಣೆ,
ಗೋಡೆ ತುಂಬ ನಕ್ಷೆ: ಹಡಪಸರ, ಕೋಥರೂಡ, ಯೆರವಡಾ.
ಒಂದು ಕುರ್ಚಿ ಬಿದ್ದಿಲ್ಲ, ಒಂದು ಗಾಜು ಒಡೆದಿಲ್ಲ.
ಪಾಳಿಯ ಎಂಜಿನಿಯರ್ ನಖಾತೆ
ಎರಡೂ ಕೈ ಮೇಜಿನಿಂದ ದೂರ ಹಿಡಿದು ಕೂತಿದ್ದ,
ಬಿಸಿ ಬಾಣಲೆ ಮುಟ್ಟಿದವನ ಹಾಗೆ.
"ಮೌಸ್ ನಾನು ಮುಟ್ಟಿರಲಿಲ್ಲ. ಬಾಣ ತಾನೇ ನಡೆಯಿತು.
ಅವಸರವಿಲ್ಲ, ಮನೆ ಗೊತ್ತಿದ್ದ ನೆಂಟನ ಹಾಗೆ
ಒಂದೊಂದೇ ಸ್ವಿಚ್ಚಿನ ಬಳಿ ಹೋಗಿ ಆರಿಸಿತು.
ಪಾಸ್‌ವರ್ಡ್ ಹಾಕಿದರೆ
ನಾನು ನಾನಲ್ಲ ಅಂತು."

ಇನ್ಸ್‌ಪೆಕ್ಟರ್ ಘಾರೆ ನಮೂನೆ ಬಿಡಿಸಿದರು.
ಘಟನಾ ಸ್ಥಳ? ಪೆನ್ನು ನಿಂತಿತು.
ಈ ಕೋಣೆಯೇ? ಕತ್ತಲಾದ ಹನ್ನೊಂದು ಬಡಾವಣೆಗಳೇ?
ಈಗಷ್ಟೇ ಬೆಳಗಾಗಿರುವ ಇನ್ಯಾವುದೋ ದೇಶದಲ್ಲಿ
ಚಹದ ಲೋಟ ಪಕ್ಕಕ್ಕಿಟ್ಟ ಮೇಜೇ?
ಆಯುಧ? ಆರೋಪಿಯ ಎತ್ತರ, ಮೈಬಣ್ಣ?
ಕಳ್ಳನೋ ಸೈನಿಕನೋ, ಅದಕ್ಕೇ ಕಾಲಂ ಇಲ್ಲ.
"ಯುದ್ಧ ಅಂತ ಬರೆಯಲೇ ಸಾಹೇಬ್?" ಎಂದ ಹವಾಲ್ದಾರ.
ಘಾರೆ ನಕ್ಕರು, ನಗು ಅರ್ಧಕ್ಕೇ ಬಿಟ್ಟರು.
"ಯುದ್ಧ ಅನ್ನಬೇಕಾದರೆ
ಹೌದು, ನಾವೇ ಅಂತ ಒಬ್ಬರಾದರೂ ಹೇಳಬೇಕಲ್ಲಪ್ಪ."

ಎಪ್ಪತ್ತೊಂದರಲ್ಲಿ ಅಪ್ಪ
ಕಿಟಕಿ ಗಾಜಿಗೆ ಕಪ್ಪು ಕಾಗದ ಅಂಟಿಸುತ್ತಿದ್ದ.
ಸೈರನ್ ಕೂಗಿದರೆ ಕಂದೀಲೂ ಊದಿ ಆರಿಸಬೇಕು.
ಆಗ ಕತ್ತಲೆ ನಮ್ಮ ಗುರಾಣಿ.
ಈ ಸಲ ಕತ್ತಲೆಯೇ ಆ ಕಡೆಯವರದು.
ಬೀದಿ ತುದಿಯ ಆಸ್ಪತ್ರೆಯಲ್ಲಿ ದಾದಿಯೊಬ್ಬಳು
ರಬ್ಬರ್ ಚೀಲ ಹಿಚುಕಿ ಹಿಚುಕಿ
ಯಾರದೋ ಉಸಿರು ಎಣಿಸುತ್ತಿದ್ದಾಳಂತೆ.

ಲ್ಯಾಪ್‌ಟಾಪಿನ ಹುಡುಗಿ ತಲೆಯೆತ್ತಿದಳು:
"ಹೊಕ್ಕದ್ದು ಇಲ್ಲಿಂದ. ಮಂಗಳವಾರ, ಮೂರು ಗಂಟೆ ಐದು ನಿಮಿಷ.
ಒಂದು ಪೆನ್‌ಡ್ರೈವ್."
ನಿದ್ದೆಯಿಂದೆಬ್ಬಿಸಿ ತಂದಿದ್ದ ಲೆಕ್ಕ ವಿಭಾಗದ ಪೇಂಡ್ಸೆಬಾಯಿ
ಸೆರಗಿನಲ್ಲಿ ಮುಖ ಮುಚ್ಚಿದರು.
ಮೊಮ್ಮಗನ ಬಾರಸೆಯ ಆಮಂತ್ರಣ, ಬಣ್ಣದಲ್ಲಿ ಹತ್ತು ಪ್ರತಿ.
"ಎಲ್ಲಿ ತೆಗೆಸಿದಿರಿ?"
ನನ್ನ ಕಡೆ ನೋಡಿದರು. ಬೇಗ ನೋಟ ತೆಗೆದರು.
"ಎಲ್ಲೋ... ನೆನಪಿಲ್ಲ."

ನನಗೆ ನೆನಪಿದೆ.
ನೂರರ ನೋಟು, ಇಪ್ಪತ್ತು ಚಿಲ್ಲರೆ.
ಮಗುವಿನ ಕಿವಿ ಮೊಲದ್ದು ಅಂತ ಇಬ್ಬರೂ ನಕ್ಕಿದ್ದು.
ನನ್ನ ಮುದಿ ಕಂಪ್ಯೂಟರಿನ ಪರದೆಯಲ್ಲಿ
ದಿನಾ ಬೆಳಿಗ್ಗೆ ಒಂದು ಚೌಕ ಎದ್ದು ಅಂಗಲಾಚುತ್ತಿತ್ತು:
ಅವಧಿ ಮುಗಿದಿದೆ, ನವೀಕರಿಸಿ.
ಅಕ್ಕಲಕೋಟೆಯ ಅಜ್ಜಿ ಬಾಗಿಲಿಗೆ "ನಾಳೆ ಬಾ" ಬರೆದು
ದೆವ್ವವನ್ನು ಸಾಗಹಾಕುತ್ತಿದ್ದಳು.
ನಾನೂ ದಿನಾ ಅದನ್ನೇ ಒತ್ತಿದೆ: ನಾಳೆ ಬಾ, ನಾಳೆ ಬಾ.
ಹಿಂದಕ್ಕೆ ಹೋದದ್ದು ಕಾವಲುಗಾರ.
ದೆವ್ವ ಒಳಗೇ ಇತ್ತು,
ಹಾಲ್‌ಟಿಕೆಟ್ಟು, ಬಾಡಿಗೆ ಕರಾರು, ಜಾತಕಗಳ ನಡುವೆ
ರಸ್ತೆ ದಾಟಿಸುವವರಿಗಾಗಿ ಕಾಯುತ್ತ.
ಅದನ್ನು ಕಳಿಸಿದವನಿಗೆ ನನ್ನ ಹೆಸರು ಗೊತ್ತಿಲ್ಲ.
ಗೊತ್ತಾಗಬೇಕಾದ್ದೂ ಇಲ್ಲ.
ಸೇತುವೆಯ ಹೆಸರು ಕೇಳಿ ಯಾರು ನದಿ ದಾಟುತ್ತಾರೆ?

ಹವಾಲ್ದಾರ ಜೇಬಿನಿಂದ ತೆಗೆದು
ನನ್ನ ಅಂಗೈಗಿಟ್ಟ, ಹುಣಸೆ ಬೀಜದಷ್ಟು ಭಾರ.
"ಪಂಚನಾಮೆ ಇದರಲ್ಲಿದೆ, ಕಾಕಾ.
ಕರೆಂಟ್ ಬಂದ ಕೂಡಲೇ ಮೂರು ಪ್ರತಿ.
ಹೇಗೂ ಅಂಗಡಿ ಎದುರಿಗೇ ಇದೆ."

ಪೇಂಡ್ಸೆಬಾಯಿ ನೆಲ ನೋಡುತ್ತಿದ್ದರು.
ನಕ್ಷೆಯಲ್ಲಿ ಯೆರವಡಾ ಒಮ್ಮೆ ಮಿನುಗಿ ಮತ್ತೆ ಆರಿತು.

"ಬೇಡ," ಅಂದೆ. "ಸಾಹೇಬರೇ,
ಹೊಸ ಹಾಳೆ ತೆಗೆದುಕೊಳ್ಳಿ.
ಮೊದಲು ನನ್ನದು ಬರೆದುಕೊಳ್ಳಿ."